ಬ್ಲೂಬೆರಿ ಗಿಡಕ್ಕೆ ಕತ್ತರಿ ಬೇಕು

ಅಮೆರಿಕದ ಮನೆತೋಟಗಳಲ್ಲಿ ಬ್ಲೂಬೆರಿಯ ಮಾತು ಶುರುವಾಗುವುದೂ ಮುಗಿಯುವುದೂ ಮಣ್ಣಿನ ಹುಳಿಯಲ್ಲಿ. ಪಿಎಚ್ 4.5–5ರ ಆಸುಪಾಸಿಗೆ ತಂದರೆ ಉಳಿದದ್ದನ್ನು ಗಿಡವೇ ನೋಡಿಕೊಳ್ಳುತ್ತದೆ, ಕತ್ತರಿ ಹಾಕಿದರೆ ಹಣ್ಣು ನಷ್ಟ ಎಂಬುದು ಒಪ್ಪಿತ ನಿಲುವು. ಇದರ ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಎರಡನೆಯದು ಗಿಡವನ್ನು ಅಕಾಲದಲ್ಲಿ ಮುದಿಯಾಗಿಸುವ ಉಪದೇಶ.   

ಮಣ್ಣಿನ ಮೇಲಿನ ಈ ಅತಿಭಕ್ತಿಗೆ ಬ್ಲೂಬೆರಿ ಕೃಷಿಯ ಮೂಲಕಥೆಯನ್ನು ನಾವು ಓದಿಕೊಂಡ ರೀತಿಯೇ ಕಾರಣ. ಕೃಷಿ ಇಲಾಖೆಯ ಫ್ರೆಡರಿಕ್ ಕೋವಿಲ್ 1910ರಲ್ಲಿ ಹುಳಿಮಣ್ಣಿನ ಗುಟ್ಟನ್ನು ಪ್ರಕಟಿಸಿದರು. ನ್ಯೂಜೆರ್ಸಿಯ ವೈಟ್ಸ್‌ಬಾಗ್‌ನ ಎಲಿಜಬೆತ್ ವೈಟ್ ಅವರೊಡನೆ ಕೈಜೋಡಿಸಿದರು. 1916ರಲ್ಲಿ ಮೊದಲ ಬೆಳೆ ಮಾರಾಟವಾಯಿತು. ಇದರಲ್ಲಿ ವೈಟ್ ಅವರ ಪಾಲು ಸದಾ ಮಸುಕು. ಕಾಡು ಬಲ್ಲ ಸ್ಥಳೀಯರಿಗೆ ಅವರು ಅಂಗುಲದ 5/8 ಭಾಗದಷ್ಟು ತೂತಿದ್ದ ಅಳತೆಪಟ್ಟಿ ಕೊಟ್ಟು, ಅಷ್ಟು ದಪ್ಪ ಹಣ್ಣಿನ ಪೊದೆ ತೋರಿಸಿದವರಿಗೆ ಹಣ ಕೊಡುತ್ತಿದ್ದರು. ಗಾತ್ರಕ್ಕಾಗಿಯೇ ಆರಿಸಿ ತಂದ ವಂಶ ಇದು. ಸವರದೆ ಬಿಟ್ಟ ಗಿಡ ಮೊದಲು ಕಳೆದುಕೊಳ್ಳುವುದು ಆ ಗಾತ್ರವನ್ನೇ.

ಹಿತ್ತಲಿನಲ್ಲಿ ಬೆಳೆಯುವ ಈ ಎತ್ತರದ ಪೊದೆ, ಹೈಬುಷ್ ಬ್ಲೂಬೆರಿ, ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ರೆಂಬೆಯಲ್ಲಿ. ಚಳಿ ಬರುವ ಮೊದಲೇ ತುದಿಯಲ್ಲಿ ದುಂಡನೆಯ ಹೂಮೊಗ್ಗು, ಅದರ ಕೆಳಗೆ ಚೂಪಾದ ಎಲೆಮೊಗ್ಗು ಕೂತಿರುತ್ತವೆ. ತುದಿ ಕತ್ತರಿಸಿದರೆ ಹಣ್ಣು ಹೋಯಿತು ಎಂಬ ತರ್ಕ ಇಲ್ಲಿಂದ ಬಂದದ್ದು. ತರ್ಕ ಸರಿ, ಆದರೆ ಲೆಕ್ಕ ಒಂದೇ ವರ್ಷದ್ದು. ಮೊಗ್ಗನ್ನೆಲ್ಲ ಉಳಿಸಿಕೊಂಡ ಗಿಡ ಆ ವರ್ಷ ಹೆಚ್ಚು ಕಾಯಿ ಕಚ್ಚುತ್ತದೆ, ಒಪ್ಪುತ್ತೇನೆ. ಆ ಕಾಯಿ ಸಣ್ಣದು, ಮಾಗುವುದೂ ತಡ. ಹೊಸ ಚಿಗುರಿಗೆ ಕಸುವು ಉಳಿಯುವುದಿಲ್ಲ. ಚಿಗುರೇ ಇಲ್ಲದಿದ್ದರೆ ಮುಂದಿನ ಸಾಲಿನ ಹೂಮೊಗ್ಗು ಎಲ್ಲಿ ಕೂರಬೇಕು? ಮಲೆನಾಡಿನ ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರೇಬಿಕಾ ಕೂಡ ಹಿಂದಿನ ಸಾಲಿನ ರೆಂಬೆಯಲ್ಲೇ ಕಾಯಿ ಕಟ್ಟುತ್ತದೆ. ಅದಕ್ಕೇ ಕೊಯ್ಲಾದ ಮೇಲೆ ಅಲ್ಲಿ ಕಪಾತು ನಡೆಯುತ್ತದೆ.

ಮೇನ್ ರಾಜ್ಯದ ಕಾಡು ಬ್ಲೂಬೆರಿ ಬಯಲುಗಳು ಇನ್ನೂ ದೊಡ್ಡ ಸಾಕ್ಷಿ. ಅಲ್ಲಿನ ಮೂಲನಿವಾಸಿಗಳು ಪೊದೆಗಳಿಗೆ ಬೆಂಕಿಯಿಟ್ಟು ಹೊಸ ಚಿಗುರು ಬರಿಸುತ್ತಿದ್ದರು. ಇಂದೂ ಬೆಳೆಗಾರರು ಒಂದು ವರ್ಷ ನೆಲಮಟ್ಟಕ್ಕೆ ಕೊಚ್ಚಿಯೋ ಸುಟ್ಟೋ ಮರುವರ್ಷ ಕೊಯ್ಯುತ್ತಾರೆ. ಅದು ಬೇರೆ ಜಾತಿ, ನೆಲದಡಿಯ ಕಾಂಡದಿಂದ ಹಬ್ಬುವ ಗಿಡ್ಡ ಪೊದೆ ಎಂಬ ಆಕ್ಷೇಪ ನ್ಯಾಯವಾದದ್ದು. ಹಿತ್ತಲಿನ ಹೈಬುಷ್ ಗಿಡವನ್ನು ಹಾಗೆ ಬೋಳಿಸಿದರೆ ಕೆಲವು ವರ್ಷ ಹಣ್ಣಿನ ಆಸೆ ಬಿಡಬೇಕಾಗುತ್ತದೆ. ಆದರೂ ಎಳೆಯ ಕಟ್ಟಿಗೆಯೇ ಫಲದ ಮೂಲ ಎಂಬ ತತ್ವ ಎರಡಕ್ಕೂ ಒಂದೇ.

ಹೈಬುಷ್‌ನಲ್ಲಿ ಹಳೆಯ ಕಟ್ಟಿಗೆ ತೆಗೆಯುವುದನ್ನು ಕಂತಿನಲ್ಲಿ ಮಾಡಬೇಕು. ಮೊದಲೆರಡು ವರ್ಷ ಹೂವನ್ನೇ ಚಿವುಟಿ ಗಿಡವನ್ನು ಬೆಳೆಯಲು ಬಿಡುವುದು. ಬಲಿತ ಗಿಡದಲ್ಲಾದರೆ ಚಳಿಗಾಲದ ಕೊನೆಗೆ, ಎಲೆಯಿಲ್ಲದೆ ಒಡಲೆಲ್ಲ ಕಾಣುವಾಗ, ಆರು ವರ್ಷ ದಾಟಿದ ಒಂದೆರಡು ಬೂದುಬಣ್ಣದ ಕಾಂಡಗಳನ್ನು ಬುಡದಲ್ಲೇ ಕತ್ತರಿಸಿ, ಹೊಸದಾಗಿ ಎದ್ದವುಗಳಲ್ಲಿ ಗಟ್ಟಿಮುಟ್ಟಾದ ಎರಡು ಮೂರನ್ನು ಉಳಿಸಿಕೊಳ್ಳುವುದು. ಹೆಚ್ಚಿನವರು ಇದರ ತಿರುವುಮುರುವು ಮಾಡುತ್ತಾರೆ: ಬುಡ ಮುಟ್ಟದೆ ನೆತ್ತಿಯನ್ನು ಸಮಗೊಳಿಸುತ್ತಾರೆ. ಹೂಮೊಗ್ಗೆಲ್ಲ ಕೆಳಗೆ ಬೀಳುತ್ತದೆ, ಮುದಿ ಕಾಂಡ ಹಾಗೆಯೇ ನಿಲ್ಲುತ್ತದೆ. ಆ ವರ್ಷದ ಬರಿಗೈ ನೋಡಿದ ನೆರೆಯವರು ಕತ್ತರಿಯನ್ನೇ ದೂರುತ್ತಾರೆ.