ವಿರಾಟನ ಸಭೆಯಲ್ಲಿ ಸೈರಂಧ್ರಿಯ ದೂರು

ಮಳೆ ಹಿಂದೆಗೆದ ವರ್ಷಗಳಲ್ಲಿ ವಿರಾಟಪರ್ವವನ್ನು ಓದಿಸುವ ಪದ್ಧತಿ ನಮ್ಮ ಕಡೆ ಉಂಟಷ್ಟೆ. ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಆ ಪರ್ವದ ಮೂಲವನ್ನು ಪಠಿಸಿದವನು ನಾನು. ಅನಂತರ ಬಂಗಾರಪೇಟೆಯ ಸೀಮೆಯಲ್ಲಿ ಉಪಾಧ್ಯಾಯನಾಗಿ, ಕುಮಾರವ್ಯಾಸನ ಷಟ್ಪದಿಗಳ ಮೂಲಕ ಅದನ್ನೇ ಮಕ್ಕಳಿಗೆ ಹೇಳಿದವನು. ಕೀಚಕವಧೆಯ ಭಾಗ ಬಂದಿತೆಂದರೆ ತರಗತಿಯೆಲ್ಲ ಕಿವಿಯಾಗುತ್ತಿತ್ತು. ನಾಟ್ಯಶಾಲೆಯ ಕತ್ತಲೆಯನ್ನೂ ಭೀಮನ ಮುಷ್ಟಿಯನ್ನೂ ಅಭಿನಯಿಸಿಯೇ ತೋರಿಸುತ್ತಿದ್ದೆನು. ಅದಕ್ಕೆ ಮೊದಲು ತುಂಬಿದ ಸಭೆಯಲ್ಲಿ ಒಬ್ಬ ಹೆಂಗಸು ದೂರು ಹೇಳಿದ್ದನ್ನು ಮಾತ್ರ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆನು. ಆ ಲೋಪವನ್ನು ಕುರಿತದ್ದು ಈ ಲೇಖನ.

ಸಂದರ್ಭವನ್ನು ವಾಚಕರು ಬಲ್ಲರು. ದ್ರೌಪದಿಯು ಸೈರಂಧ್ರಿಯೆಂಬ ಹೆಸರಿನಿಂದ ರಾಣಿ ಸುದೇಷ್ಣೆಯ ಊಳಿಗದಲ್ಲಿದ್ದಾಳೆ. ರಾಣಿಯ ಸಹೋದರನೂ ಮತ್ಸ್ಯದೇಶದ ಸೇನಾಪತಿಯೂ ಆದ ಕೀಚಕನು ಅವಳನ್ನು ಬಯಸುತ್ತಾನೆ, ಅವಳು ಒಲ್ಲೆನೆನ್ನುತ್ತಾಳೆ. ಅವನ ಮನಸ್ಸನ್ನು ಅರಿತೂ ಸುದೇಷ್ಣೆಯು ಮದ್ಯವನ್ನು ತರುವ ನೆಪದಿಂದ ಅವಳನ್ನು ಅವನ ಮನೆಗೇ ಕಳುಹಿಸುತ್ತಾಳೆ. ಅಲ್ಲಿಂದ ತಪ್ಪಿಸಿಕೊಂಡು ಅವಳು ಓಡಿಬಂದದ್ದು ರಾಜನ ಸಭೆಗೆ. ಕೀಚಕನು ಬೆನ್ನಟ್ಟಿ ಬಂದು ದೊರೆಯ ಕಣ್ಣೆದುರಿನಲ್ಲಿಯೇ ಅವಳನ್ನು ಒದೆಯುತ್ತಾನೆ. ಅವಳು ಭೀಮನ ತೋಳನ್ನು ನೆನೆಯುವುದು ರಾತ್ರಿಯ ಮಾತು. ಹಗಲಿನಲ್ಲಿ, ಎಲ್ಲರೂ ಕೇಳುವಂತೆ, ಅವಳು ಬೇಡಿದ್ದು ಧರ್ಮವನ್ನು.

ಅವಳಿಗೆ ದೊರೆತ ಉತ್ತರಗಳು ಮೂರು. ತನ್ನ ಪರೋಕ್ಷದಲ್ಲಿ ನಡೆದ ಜಗಳವನ್ನು ತಾನು ಅರಿಯೆನು, ನಿಜಸ್ಥಿತಿ ತಿಳಿಯದೆ ಏನು ಮಾಡಲಾದೀತು ಎಂದು ವಿರಾಟನು ಹೇಳುತ್ತಾನೆ. ಒದೆತವು ಬಿದ್ದದ್ದು ಅವನ ಪ್ರತ್ಯಕ್ಷದಲ್ಲಿ! ಸಭಾಸದರು ಕೀಚಕನನ್ನು ನಿಂದಿಸುತ್ತಾರೆ, ನಿಜ. ಆದರೆ ಅದೇ ಉಸಿರಿನಲ್ಲಿ, ಇಷ್ಟು ಚೆಲುವೆಯಾದ ಹೆಂಡತಿಯುಳ್ಳವನು ಭಾಗ್ಯವಂತನೆಂದು ಕೊಂಡಾಡಿ ಸುಮ್ಮನಾಗುತ್ತಾರೆ. ನ್ಯಾಯ ಕೇಳಲು ಬಂದವಳಲ್ಲಿ ಅವರ ಕಣ್ಣಿಗೆ ಬಿದ್ದದ್ದು ಅವಳ ರೂಪ. ಮೂರನೆಯ ಉತ್ತರ ಕಂಕಭಟ್ಟನದು, ಅಂದರೆ ಧರ್ಮರಾಯನದು: ನಿನಗೆ ಕಾಲಜ್ಞಾನವಿಲ್ಲ, ನಟಿಯಂತೆ ಓಡಾಡುತ್ತೀಯೆ, ಸಭೆಯವರ ಜೂಜಿಗೆ ವಿಘ್ನ ಮಾಡುತ್ತೀಯೆ, ಅಂತಃಪುರಕ್ಕೆ ನಡೆ.

ಧರ್ಮರಾಯನಿಗೆ ಅನ್ಯಾಯವಾಗಬಾರದು. ಗುಟ್ಟು ಹೊರಬಿದ್ದರೆ ಮತ್ತೆ ಹನ್ನೆರಡು ವರ್ಷ ವನವಾಸವೆಂಬ ಭಯ ಅವನಿಗಿತ್ತು. ಆದರೆ ವಿಚಾರ ಮಾಡಿದರೆ, ಇಂಥ ಸಮಯದಲ್ಲಿ ಬಾಯಿ ಮುಚ್ಚುವ ಪ್ರತಿಯೊಬ್ಬನಿಗೂ ತನ್ನದೇ ಒಂದು ಅಜ್ಞಾತವಾಸವಿರುತ್ತದೆ: ಮನೆತನದ ಮಾನ, ಕೆಲಸದ ಭಯ, ಹುಡುಗಿಯ ಮದುವೆಯ ಚಿಂತೆ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. 2001ರ ಫೆಬ್ರವರಿಯಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿಯ ಎಷ್ಟೋ ಸಂಸಾರಗಳು ನಸುಕಿನ ರೈಲನ್ನೇ ನಂಬಿ ಬದುಕಿವೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂಗಳಲ್ಲಿ ಹತ್ತಿದವರು ಬಂಗಾರಪೇಟೆಯನ್ನು ಹಾದು ಬೆಂಗಳೂರಿನಲ್ಲಿ ದುಡಿದು ರಾತ್ರಿ ಮರಳುತ್ತಾರೆ. ಅಂಥವರಲ್ಲಿ ಒಬ್ಬಳು, ನನ್ನ ಹಳೆಯ ಶಿಷ್ಯೆ, ಒಂದು ಸಂಜೆ ಬಂದು, ಡಬ್ಬಿಯಲ್ಲಿ ಒಬ್ಬನು ದಿನವೂ ಮೈಮುಟ್ಟಿ ಪೀಡಿಸುತ್ತಿರುವನೆಂದು ಹೇಳಿದಳು. “ರೈಲಿನ ಮಾತು ಊರಿಗೆ ಬೇಡ, ತಾಯಿ, ನಾಳೆಯಿಂದ ಬೇರೆ ಡಬ್ಬಿ ಹತ್ತು” ಎಂದೆನು. “ಆಗಲಿ, ಮೇಷ್ಟ್ರೇ” ಎಂದು ಕಾಲಿಗೆ ನಮಸ್ಕರಿಸಿ ಹೋದಳು. ಮುಂದಿನ ತಿಂಗಳು ಅವಳು ಕೆಲಸವನ್ನೇ ಬಿಟ್ಟಳೆಂದು ಕೇಳಿದೆನು. ಅವನು ರೈಲನ್ನು ಬಿಡಲಿಲ್ಲ. ಕಂಕಭಟ್ಟನ ಪಾತ್ರವನ್ನು ನಾನು ತರಗತಿಯಲ್ಲಿ ಎಂದೂ ಅಭಿನಯಿಸಿರಲಿಲ್ಲ; ಅಂದು ಮನೆಯಲ್ಲಿ ಅಭಿನಯಿಸಿದ್ದೆನು.

ಕೀಚಕನು ಸತ್ತನಲ್ಲ, ನ್ಯಾಯವಾಯಿತಲ್ಲ ಎನ್ನುವವರು ಕಥೆಯನ್ನು ಮುಂದಕ್ಕೂ ಓದಬೇಕು. ಸಾವಿಗೆ ಇವಳೇ ಕಾರಣಳೆಂದು ಉಪಕೀಚಕರು ಅವಳನ್ನು ಹೆಣದೊಡನೆ ಸುಡಲು ಎಳೆದೊಯ್ಯುತ್ತಾರೆ. ಅದಕ್ಕೆ ವಿರಾಟನೇ ಅನುಮತಿ ಕೊಡುತ್ತಾನೆ. ಆ ನೂರೈದು ಮಂದಿಯನ್ನೂ ಭೀಮನು ಕೊಂದ ಮೇಲೆ ಹೆದರಿದ ದೊರೆಯು ಸೈರಂಧ್ರಿಗೆ ಊರು ಬಿಡಲು ಹೇಳಿಸುತ್ತಾನೆ. ಇನ್ನು ಹದಿಮೂರು ದಿನ ತಾಳಬೇಕೆಂದು ಅವಳೇ ಬೇಡಿಕೊಳ್ಳಬೇಕಾಯಿತು. ಮುಷ್ಟಿಯು ಕೀಚಕನನ್ನು ಮುಗಿಸಿತು. ಸಭೆ ಇದ್ದಂತೆಯೇ ಇತ್ತು. ವ್ಯಾಸನ ದೃಷ್ಟಿ ಎಷ್ಟು ನಿಷ್ಠುರವಾದದ್ದೆಂಬುದು ನನಗೆ ಇಲ್ಲಿ ಹೊಳೆಯಿತು.

ಸಭೆಯನ್ನು ತಿದ್ದುವ ಕೆಲಸ ನಮ್ಮ ಕಾಲದಲ್ಲಿ ತಡವಾಗಿಯಾದರೂ ಮೊದಲಾಗಿದೆ. ರಾಜಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಯಹೊರಟ ಸರಕಾರಿ ಯೋಜನೆಯ ಕಾರ್ಯಕರ್ತೆ ಭಂವರಿ ದೇವಿಯವರ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರವಾಯಿತೆಂದು ದೂರಾಯಿತು. ಕೆಳಗಿನ ನ್ಯಾಯಾಲಯವು 1995ರಲ್ಲಿ ಆರೋಪಿಗಳನ್ನು ಆ ಅಪರಾಧದಿಂದ ಬಿಡುಗಡೆ ಮಾಡಿತು. ಆದರೂ ಆಕೆ ಬಾಯಿ ಮುಚ್ಚಲಿಲ್ಲ. ಆ ಪ್ರಸಂಗದಿಂದ ಹುಟ್ಟಿದ ವಿಶಾಖಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ನಿಯಮಗಳನ್ನು ವಿಧಿಸಿತು. 2013ರಲ್ಲಿ ಅದೇ ಕಾಯಿದೆಯಾಯಿತು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವೆಡೆಯಲ್ಲಿ ಹೆಂಗಸೊಬ್ಬಳ ಅಧ್ಯಕ್ಷತೆಯ ಸಮಿತಿಯಿರಬೇಕು. ಅದಕ್ಕಿಂತ ಚಿಕ್ಕ ಕಡೆಯವರಿಗೆ ಜಿಲ್ಲೆಯ ಸಮಿತಿಯುಂಟು. ಮನೆಗೆಲಸದವಳೂ, ಅಂದರೆ ಸೈರಂಧ್ರಿಯೂ, ಈ ಕಾಯಿದೆಯೊಳಗೆ ಸೇರುತ್ತಾಳೆ. ತಿಳಿಯದಿದ್ದರೆ ವಿಚಾರಿಸತಕ್ಕದ್ದು ಎಂಬುದೇ ವಿರಾಟನ ‘ಪರೋಕ್ಷ’ಕ್ಕೆ ಇದು ಕೊಡುವ ಉತ್ತರ.

ಸಭಾಸದರಿಗೂ ಉತ್ತರ ಬಂದಿದೆ. ಬೆಂಗಳೂರಿನಲ್ಲಿ ಜಾಸ್ಮೀನ್ ಪಥೇಜಾ ಎಂಬ ಕಲಾವಿದೆ 2003ರಲ್ಲಿ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’ ಬಳಗವು, ಪೀಡನೆಗೆ ಒಳಗಾದಾಗ ತಾವು ಉಟ್ಟಿದ್ದ ಬಟ್ಟೆಯನ್ನು ತಂದುಕೊಡಿರೆಂದು ಹೆಂಗಸರನ್ನು ಕೇಳಿತು. ತಪ್ಪು ಉಡುಪಿನದಲ್ಲವೆಂದು ಸಾರುವುದಕ್ಕೆ ಆ ಬಟ್ಟೆಗಳೇ ಸಾಕ್ಷಿಯಾದವು.

ನಮ್ಮ ಜಿಲ್ಲೆಯಲ್ಲಿ ದ್ರೌಪದಿಯ ಕರಗವನ್ನು ತಲೆಯ ಮೇಲೆ ಹೊರುತ್ತೇವೆ. ಅವಳ ಮಾತನ್ನು ಕಿವಿಯ ಮೇಲೆ ಹಾಕಿಕೊಂಡವರು ಕಡಮೆ. ಗಮಕಿಗಳಲ್ಲಿಯೂ ಉಪಾಧ್ಯಾಯ ಬಂಧುಗಳಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೆ: ಮುಂದಿನ ಸಾರಿ ವಿರಾಟಪರ್ವವನ್ನು ತೆರೆದಾಗ ನಾಟ್ಯಶಾಲೆಗೆ ಅವಸರಪಡದಿರಿ. ಸಭೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿರಿ. ಆ ಮೂರು ಉತ್ತರಗಳಲ್ಲಿ ನಮ್ಮ ಮನೆಗಳಲ್ಲಿ ಕೇಳಿದ್ದು ಯಾವುದೆಂದು ಮಕ್ಕಳನ್ನು ಕೇಳಿರಿ. ಅವರು ಹೇಳುವುದನ್ನು ಪೂರ್ತಿ ಕೇಳಿರಿ.