ಒಡೆದ ಕಲ್ಲು, ಒಡೆಯದ ಪಹಣಿ

1964ರ ಅಕ್ಟೋಬರ್ 28ರಂದು ಬೆಂಗಳೂರಿನ ಹಡ್ಸನ್ ವೃತ್ತದ ಹತ್ತಿರ ಕಾರ್ಪೊರೇಷನ್ನಿನವರು ಒಂದು ಸ್ಮಾರಕ ಕೆಡವಿದರು. 1791ರಲ್ಲಿ ಟಿಪ್ಪುವಿನ ಕೈಯಿಂದ ಬೆಂಗಳೂರು ಕೋಟೆ ಕಿತ್ತುಕೊಳ್ಳುವಾಗ ಸತ್ತ ಕಂಪನಿ ಸೈನ್ಯದವರ ನೆನಪಿಗೆ ಎತ್ತಿದ್ದ ಕಂಬ ಅದು. ಹೆಸರು ಸೆನೋಟಾಫ್. ಹಾಗಂದರೆ ಹೆಣವಿಲ್ಲದ ಗೋರಿ. ನಮ್ಮನ್ನು ಸೋಲಿಸಿದವರ ಗೋರಿ ನಮ್ಮ ಊರ ನಡುವೆ ಯಾಕೆ ಅಂತ ಕನ್ನಡ ಚಳವಳಿಗಾರರು ಬೀದಿಗೆ ಬಂದರು. ಕೇಳಿದ್ದು ನ್ಯಾಯವೇ. ಕಂಬ ಹೋಯಿತು. ಸೆನೋಟಾಫ್ ರಸ್ತೆ ನೃಪತುಂಗ ರಸ್ತೆಯಾಯಿತು. ಅದೇ ವರ್ಷ ಕಾರ್ಪೊರೇಷನ್ ಕಚೇರಿ ಮುಂದೆ ಕೆಂಪೇಗೌಡರ ಪ್ರತಿಮೆ ನಿಂತಿತು.

ಇದನ್ನು ಗೆಲುವಿನ ಕಥೆ ಅಂತಲೇ ನಾವು ಓದುತ್ತ ಬಂದಿದ್ದೇವೆ. ಗೆಳೆಯರೆ, ಇನ್ನೊಮ್ಮೆ ಓದೋಣ. ಕಾರ್ನ್‌ವಾಲಿಸನ ದಂಡಿನಲ್ಲಿ ಬಿಳಿಯರಿಗಿಂತ ಕರಿಯರೇ ಹೆಚ್ಚಿದ್ದರು. ಮದ್ರಾಸ್ ಸೈನ್ಯದ ಸಿಪಾಯಿಗಳಲ್ಲಿ ಪರೆಯರೂ ಇದ್ದರು. ಊರವರು ಊರೊಳಗೆ ಬಿಟ್ಟುಕೊಳ್ಳದ ಜನ ಹೊಟ್ಟೆಪಾಡಿಗೆ ಕೋವಿ ಹಿಡಿದಿದ್ದರು. ಕಂಬದ ಜಗಳ ಮಾತ್ರ ಬಿಳಿಯರಿಗೂ ‘ನಮಗೂ’ ನಡೆಯಿತು. ಆ ‘ನಮ್ಮ’ ಒಳಗೆ ಇವರು ಎಲ್ಲಿದ್ದರು?

ಮಹಾರಾಷ್ಟ್ರದ ಭೀಮಾ ಕೋರೆಗಾಂವದಲ್ಲೂ ಇಂಥದೇ ಒಂದು ಕಂಪನಿ ಕಂಬ ಇದೆ. 1818ರ ಜನವರಿ 1ರಂದು ಪೇಶ್ವೆಯ ಸೈನ್ಯದೊಡನೆ ನಡೆದ ಕಾಳಗದ್ದು. ಅದರ ಮೇಲೆ ಮಹಾರ್ ಸೈನಿಕರ ಹೆಸರುಗಳಿವೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋದರು. ಆಮೇಲೆ ಅದು ಬರೀ ಬ್ರಿಟಿಷರ ಕಂಬವಾಗಿ ಉಳಿಯಲಿಲ್ಲ. ಹಾಗಂತ ಸೆನೋಟಾಫ್ ಉಳೀಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಕೆಡವಿದ ಮೇಲೆ ಯಾರಿಗೆ ಏನು ಸಿಕ್ಕಿತು ಅಂತ ಕೇಳುತ್ತಿದ್ದೇನೆ.

ಕಂಬ ಕೆಡವಿದ ಊರು ಹೊರಕ್ಕೆ ಬೆಳೆಯಿತು. ಪೀಣ್ಯದಲ್ಲಿ ಕಾರ್ಖಾನೆ ಬಂದವು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಬಂತು, ವೈಟ್‌ಫೀಲ್ಡಿನಲ್ಲಿ ಗಾಜಿನ ಕಟ್ಟಡ ಎದ್ದವು. ಈ ವೈಟ್‌ಫೀಲ್ಡು ಯಾರು? 1882ರಲ್ಲಿ ಮೈಸೂರು ಮಹಾರಾಜರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ನೆಲ. ಅವರ ಮುಂದಾಳು ಡಿ. ಎಸ್. ವೈಟ್‌ನ ಹೆಸರು ಅದಕ್ಕೆ ಅಂಟಿತು. ಕಂಬದ ಮೇಲೆ ಬಂದ ಸಿಟ್ಟು ಈ ಹೆಸರಿನ ಮೇಲೆ ಬಂದ ಹಾಗಿಲ್ಲ. ಬರೋದಾದರೂ ಹೇಗೆ? ಸೈಟಿನ ರೇಟು ಆ ಹೆಸರಿನ ಮೇಲೆ ನಿಂತಿದೆ. ಇತ್ತ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 2022ರ ನವೆಂಬರ್ 11ರಂದು ಕೆಂಪೇಗೌಡರು 108 ಅಡಿ ಎತ್ತರದ ಕಂಚಾಗಿ ನಿಂತರು. ಕಲ್ಲು ಹೋಗಿ ಕಂಚು ಬಂತು. ನೆಲದ ಲೆಕ್ಕ ಮಾತ್ರ ಯಾರೂ ತೆಗೆಯಲಿಲ್ಲ.

ಆ ಲೆಕ್ಕ ಕಾಗದದಲ್ಲಿದೆ. ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಜಮೀನು ಕಾನೂನು ಮೀರಿ ಪರರ ಪಾಲಾಗಿದ್ದರೆ ವಾಪಸು ಕೊಡಿಸಲಿಕ್ಕೆ 1978ರ ಕಾಯಿದೆ ಇದೆ. ಹಳ್ಳಿಗಳಲ್ಲಿ ಅದನ್ನು ಪಿಟಿಸಿಎಲ್ ಅಂತಾರೆ. ಆ ಕಾಯಿದೆಯಲ್ಲಿ ಅರ್ಜಿಗೆ ಗಡುವು ಬರೆದಿರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಸಮಂಜಸ ಅವಧಿಯೊಳಗೆ ಬರಬೇಕು, ಬಹಳ ತಡವಾದರೆ ಆಗದು ಅಂದಿತು. ಧರಣಿ ಕೂತು ಕೂತು, 2023ರಲ್ಲಿ ಕಾಲಮಿತಿ ಇಲ್ಲ ಅನ್ನುವ ತಿದ್ದುಪಡಿ ಬಂತು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 1791ರ ಅವಮಾನಕ್ಕೆ 1964ರಲ್ಲಿ ನ್ಯಾಯ ಸಿಕ್ಕಿತು. ನಡುವೆ 173 ವರ್ಷ. ಅವಧಿ ಮೀರಿತು ಅನ್ನುವ ಮಾತು ಆ ಕಂಬವನ್ನು ಉಳಿಸಲಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತಿ ಕಳಕೊಂಡ ಎರಡೆಕರೆಗೆ ಮಗಳು ಇಪ್ಪತ್ತೈದು ವರ್ಷ ಬಿಟ್ಟು ಅರ್ಜಿ ಹಿಡಿದು ಬಂದರೆ, ಇಷ್ಟು ದಿನ ಎಲ್ಲಿದ್ದೆಯಮ್ಮ ಅಂತ ಕೇಳುತ್ತಾರೆ. ಎಲ್ಲಿದ್ದಳು? ಅದೇ ಹೊಲದಲ್ಲಿ ಎದ್ದ ಕಟ್ಟಡದ ನೆಲ ಒರೆಸುತ್ತಿದ್ದಳು.

ನಮ್ಮ ತಪ್ಪೂ ಇದೆ. ಕಾವ್ಯದಲ್ಲಿ ನವ್ಯರಿಗೆ ಪ್ರತಿಮೆಯ ಚಟ ಅಂತ ಬಯ್ದ ನಾವೇ ಚಳವಳಿಯಲ್ಲಿ ಪ್ರತಿಮೆಯ ಸುತ್ತ ಸುತ್ತುತ್ತಿದ್ದೇವೆ. ಅಂಬೇಡ್ಕರ್ ಪ್ರತಿಮೆಗೆ ಅವಮಾನವಾದಾಗ ಬೀದಿಗಿಳಿಯೋಣ, ಇಳಿಯಲೇಬೇಕು. ಆದರೆ ಹಾರ ಹಾಕಿದ ಕೈ ಅದೇ ವಾರ ತಾಲೂಕು ಕಚೇರಿಯ ಬಾಗಿಲನ್ನೂ ತಟ್ಟಲಿ. ಮೇಷ್ಟರೆ, ವಿದ್ಯಾರ್ಥಿ ಗೆಳೆಯರೆ, ನಿಮ್ಮ ಕೇರಿಯಲ್ಲಿ ಯಾರಿಗೆ ಎಷ್ಟು ಜಮೀನು ಮಂಜೂರಾಗಿತ್ತು, ಇವತ್ತು ಪಹಣಿಯಲ್ಲಿ ಯಾರ ಹೆಸರಿದೆ? ನಕಲು ತೆಗೆಸಿ. ಓದು ಬಾರದವರ ಮುಂದೆ ಕೂತು ಗಟ್ಟಿಯಾಗಿ ಓದಿ ಹೇಳಿ.