ಸಲಿಗೆಯ ಮಾತಿನ ಬಲ

ನ್ಯೂಯಾರ್ಕಿನ ಡೇಟಾ ಅಂಡ್ ಸೊಸೈಟಿ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ‘ಆಲ್ಟರ್ನೇಟಿವ್ ಇನ್‌ಫ್ಲುಯೆನ್ಸ್’ ಎಂಬ ವರದಿಯು ರೆಬೆಕಾ ಲೂಯಿಸರ ಕೃತಿ. ಯೂಟ್ಯೂಬಿನ 81 ವಾಹಿನಿಗಳಲ್ಲಿ ಕಾಣಿಸಿಕೊಂಡ ಸುಮಾರು 65 ಮಂದಿ ಪ್ರಭಾವಿಗಳ ಪರಸ್ಪರ ಸಂಬಂಧವೇ ಇದರ ವಿಷಯವು. ಇವರಲ್ಲಿ ಸೌಮ್ಯವಾದಿಗಳಿಂದ ಮೊದಲ್ಗೊಂಡು ಶ್ವೇತವರ್ಣೀಯರ ಆಧಿಪತ್ಯವನ್ನು ಬಹಿರಂಗವಾಗಿ ಸಾರುವವರ ವರೆಗೆ ಎಲ್ಲರೂ ಉಂಟು. ಒಬ್ಬರಲ್ಲಿಗೆ ಮತ್ತೊಬ್ಬರು ಅತಿಥಿಗಳಾಗಿ ಬರುವುದರಿಂದ, ಸೌಮ್ಯನನ್ನು ನಂಬಿದ ಶ್ರೋತೃವಿಗೆ ಉಗ್ರನೂ ಆಪ್ತನಾಗಿ ತೋರುವನು. ಮನೆಮಾತಿನ ಸಲಿಗೆ, ಆತ್ಮಕಥನ, ಸಮಾನತೆಯ ಭಾವ—ಸರಕನ್ನು ಮಾರುವ ಈ ಉಪಾಯಗಳೇ ಇಲ್ಲಿ ಸಿದ್ಧಾಂತವನ್ನೂ ಮಾರುತ್ತವೆ. ಇದನ್ನು ತೋರಿಸಿಕೊಟ್ಟುದು ವರದಿಯ ಹಿರಿಮೆ. ಶ್ರೋತೃಗಳು ಏತಕ್ಕೆ ಒಪ್ಪಿದರೆಂಬುದನ್ನು ವಿಸ್ತಾರವಾಗಿ ವಿಚಾರಿಸದಿರುವುದು ಅದರ ಕೊರತೆ. ಆದುದರಿಂದ ಧ್ವನಿಯ ಮರ್ಮವನ್ನು ಬಲ್ಲ ಸಾಹಿತ್ಯೋಪಾಧ್ಯಾಯರು, ವಾದವನ್ನು ಖಂಡಿಸುವ ಮೊದಲು ಆ ಸಲಿಗೆಯ ಶೈಲಿಯನ್ನು ಶಿಷ್ಯರಿಗೆ ಬಿಡಿಸಿ ತೋರಿಸಬೇಕು. ವಾದವು ಕಿವಿಗೆ ಬೀಳುವಷ್ಟರಲ್ಲಿ ವಿಶ್ವಾಸವು ಹುಟ್ಟಿಯೇ ಇರುತ್ತದೆ.